ಹಳೇ ಟ್ರಕ್ ಹುಡುಕಿಕೊಂಡು ದೂರ ಹೊರಡುವವರಿಗೆ: ಮೊದಲ ಫೋನಿನಿಂದ ಮನೆ ಬಾಗಿಲಿನವರೆಗೆ

ಹಳೇ ಟ್ರಕ್ ಕೊಳ್ಳೋಕೆ ಅಂತ ದೂರ ಹೋದವರು ಬರಿಗೈಯಲ್ಲಿ ವಾಪಸ್ ಬರುವುದು ಅಪರೂಪ. ಹೋದವರಿಗೆಲ್ಲ ಒಳ್ಳೇ ಗಾಡಿಯೇ ಸಿಕ್ಕಿತು ಅಂತೇನೂ ಅಲ್ಲ. ಇಷ್ಟು ದೂರ ಬಂದಾಯ್ತು, ರಜೆ ಹಾಕಿದ್ದಾಯ್ತು, ಟ್ರೇಲರ್ ಬಾಡಿಗೆ ಕಟ್ಟಿದ್ದಾಯ್ತು, ಈಗ ಬೇಡ ಅಂದರೆ ಮನೆಯವರ ಮುಂದೆ ಮುಖ ತೋರಿಸೋದು ಹೇಗೆ ಅಂದುಕೊಂಡು ಕೊಂಡಿರುತ್ತಾರೆ. ಆಮೇಲೆ ಆ ಗಾಡಿ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿರುತ್ತದೆ.

ಆದ್ದರಿಂದ ಇಲ್ಲಿ ಹೇಳುವ ಪ್ರತಿ ಹಂತದ ಹಿಂದೆಯೂ ಒಂದೇ ಲೆಕ್ಕಾಚಾರ ಇದೆ. ಮನೆಯಲ್ಲೇ ಕೂತು ತಿಳಿದುಕೊಳ್ಳಬಹುದಾದ್ದನ್ನು ಮನೆಯಲ್ಲೇ ತಿಳಿದುಕೊಳ್ಳಬೇಕು. ಕಣ್ಣಿಂದಲೇ ನೋಡಬೇಕಾದ್ದಕ್ಕೆ ಮಾತ್ರ ಪ್ರಯಾಣ ಮಾಡಬೇಕು. ಮತ್ತು "ಬೇಡ" ಅನ್ನುವುದಕ್ಕೆ ಜಾಸ್ತಿ ಖರ್ಚಾಗದ ಹಾಗೆ ಆ ಪ್ರಯಾಣವನ್ನು ಹೊಂದಿಸಿಕೊಳ್ಳಬೇಕು.

ಇಲ್ಲಿ ಟ್ರಕ್ ಅಂದರೆ ಮುಖ್ಯವಾಗಿ 1940ರಿಂದ 1970ರ ದಶಕದವರೆಗಿನ ಪಿಕಪ್ ಮತ್ತು ಸಣ್ಣ ಲಾರಿಗಳು. ದೊಡ್ಡ ಲಾರಿಗೂ ಬಹುತೇಕ ಇದೇ ಅನ್ವಯಿಸುತ್ತದೆ. ವ್ಯತ್ಯಾಸ ಇರುವ ಕಡೆ ಹೇಳುತ್ತೇನೆ.

ಹಂತ 1: ಯಾವ ಗಾಡಿ ಅಂತ ಮೊದಲು ತೀರ್ಮಾನ ಮಾಡಿ

"ಯಾವುದಾದರೂ ಹಳೇ ಟ್ರಕ್" ಅಂತ ಹುಡುಕೋಕೆ ಹೊರಟರೆ ಮೊದಲು ಸಿಕ್ಕಿದ್ದನ್ನೇ ಕೊಂಡುಬಿಡುತ್ತೀರಿ. ಒಂದೆರಡು ಮಾದರಿಗಳನ್ನು ಆರಿಸಿಕೊಂಡು, ಅವುಗಳ ಬಿಡಿಭಾಗ ಸಿಗುತ್ತದೆಯೇ ಅಂತ ನೋಡಿ. 1947ರಿಂದ 1955ರ ಆರಂಭದವರೆಗೆ ಬಂದ ಶೆವ್ರೊಲೆ ಅಡ್ವಾನ್ಸ್ ಡಿಸೈನ್ ಪಿಕಪ್, 1948ರಲ್ಲಿ ಶುರುವಾದ ಫೋರ್ಡ್ ಎಫ್ ಸರಣಿ, ಅದರಲ್ಲೂ 1953ರಿಂದ ಬಂದ ಎಫ್-100, ಇವಕ್ಕೆ ಕ್ಯಾಬಿನ್ ಮೂಲೆ, ಫ್ಲೋರ್, ಮಡ್‌ಗಾರ್ಡ್, ರಬ್ಬರ್ ಎಲ್ಲ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಕಡಿಮೆ ಸಂಖ್ಯೆಯಲ್ಲಿ ಬಂದ ಮಾದರಿಗಳಾದರೆ ಒಂದು ಬಾಗಿಲು ಬೇಕು ಅಂದರೂ ಇನ್ನೊಂದು ಗಾಡಿಯನ್ನೇ ಕೊಳ್ಳಬೇಕಾದೀತು. ಅಪರೂಪದ ಗಾಡಿಯ ಮೇಲೆ ಮನಸ್ಸಿದ್ದರೆ ಖಂಡಿತ ಹೋಗಿ, ಆದರೆ ಮೊದಲನೇ ಗಾಡಿಗೇ ಬೇಡ.

ಗಾಜನ್ನು ಯಾರೂ ಯೋಚಿಸುವುದಿಲ್ಲ. ಚಪ್ಪಟೆ ಗಾಜಾದರೆ ಗಾಜಿನ ಅಂಗಡಿಯಲ್ಲಿ ಲ್ಯಾಮಿನೇಟೆಡ್ ಶೀಟಿನಿಂದ ಕತ್ತರಿಸಿ ಕೊಡುತ್ತಾರೆ. ಬಾಗಿದ ಗಾಜನ್ನು ಹಾಗೆ ಮಾಡೋಕಾಗುವುದಿಲ್ಲ, ಆ ಮಾದರಿಗೆ ಅಂತ ಮಾಡಿದ್ದೇ ಬೇಕು. ಶೆವ್ರೊಲೆಯಲ್ಲಿ 1953ರವರೆಗೆ ಮುಂದಿನ ಗಾಜು ಎರಡು ಚಪ್ಪಟೆ ತುಂಡು. 1954ಕ್ಕೆ ಬಾಗಿದ ಒಂದೇ ಗಾಜು ಬಂತು. ಒಂದು ವರ್ಷ ಹಿಂದುಮುಂದಾದರೆ ಖರ್ಚು ಎಷ್ಟು ಬದಲಾಗುತ್ತದೆ ನೋಡಿ.

ವಿದ್ಯುತ್ ವ್ಯವಸ್ಥೆಯೂ ಹಾಗೇ. ಫೋರ್ಡ್ 1955ರವರೆಗೆ 6 ವೋಲ್ಟ್, ಅದೂ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿಯೇ ಗಾಡಿಯ ಬಾಡಿಗೆ ಸೇರಿರುತ್ತದೆ. 1956ಕ್ಕೆ 12 ವೋಲ್ಟ್ ಆಯಿತು. ನೋಡೋಕೆ ಹೋದಾಗ ಬ್ಯಾಟರಿಯನ್ನು ಅಭ್ಯಾಸಬಲದಿಂದ ಉಲ್ಟಾ ಸಿಕ್ಕಿಸಬಾರದು ಅಂದರೆ ಇದು ಮೊದಲೇ ಗೊತ್ತಿರಬೇಕು.

ಇನ್ನೊಂದು, ನಿಮ್ಮ ಶೆಡ್ಡಿನ ಬಾಗಿಲ ಎತ್ತರ ಅಳೆದಿದ್ದೀರಾ? ಒಂದು ಟನ್ನಿಗಿಂತ ದೊಡ್ಡ ದರ್ಜೆಯ (ಇದು ಹೊರುವ ಭಾರದ ಲೆಕ್ಕ, ಗಾಡಿಯ ತೂಕದ್ದಲ್ಲ) ಲಾರಿಗಳು ಫೋಟೋದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತವೋ ಶೆಡ್ಡಿನಲ್ಲಿ ಅಷ್ಟೇ ತೊಂದರೆ ಕೊಡುತ್ತವೆ. ಆಕ್ಸಲ್ ಹೌಸಿಂಗ್, ಗೇರ್‌ಬಾಕ್ಸ್, ಚಕ್ರ ಯಾವುದನ್ನೂ ಒಬ್ಬರೇ ಎತ್ತೋಕಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ನಿಯಮ ಒಂದಿದೆ. ಓಡುವ ಗಾಡಿಗಿಂತ ಪೂರ್ತಿ ಇರುವ ಗಾಡಿ ಮೇಲು. ಎಂಜಿನ್ ರಿಪೇರಿಗೆ ದಾರಿ ಇದೆ. ಆದರೆ ಕಳೆದುಹೋದ ಗ್ರಿಲ್, ಬಾನೆಟ್ ಹಿಂಜು, ಬಂಪರ್ ಬ್ರಾಕೆಟ್, ಗಾಜು ಇಳಿಸುವ ಹ್ಯಾಂಡಲ್, ಡ್ಯಾಶ್‌ಬೋರ್ಡಿನ ಗುಂಡಿಗಳು ಒಂದೊಂದಾಗಿ ಹುಡುಕಿ ಕೊಳ್ಳುವಷ್ಟರಲ್ಲಿ ಎಂಜಿನ್ ಖರ್ಚನ್ನೇ ಮೀರಿರುತ್ತದೆ.

ಹಂತ 2: ಎಲ್ಲಿ ಹುಡುಕಬೇಕು

ಒಣ ಹವೆಯ ಒಳನಾಡಿನ ಗಾಡಿಗೆ ತುಕ್ಕು ಕಡಿಮೆ. ಬದಲಿಗೆ ಬಿಸಿಲಿಗೆ ರಬ್ಬರ್, ಸೀಟು, ವೈರಿಂಗ್ ಸುಟ್ಟಿರುತ್ತವೆ. ಅವನ್ನು ಹೇಗಿದ್ದರೂ ಹೊಸದು ಹಾಕುತ್ತೀರಿ, ಚಿಂತೆಯಿಲ್ಲ. ಸಮುದ್ರತೀರದ ಗಾಡಿ, ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಹಾಕುವ ಕಡೆಯ ಗಾಡಿ ಮೇಲಿಂದ ಮಿಂಚುತ್ತಿದ್ದರೂ ಚಾಸಿ ಒಳಗಿಂದ ತಿಂದುಹೋಗಿರಬಹುದು. ಹತ್ತಿರದ ಉಪ್ಪು ಗಾಳಿಯ ಗಾಡಿಗಿಂತ ದೂರದ ಒಣ ಊರಿನ ಗಾಡಿಗೆ ಡೀಸೆಲ್ ಸುಡುವುದು ಲಾಭ. ದೂರ ಹೋಗುವುದಕ್ಕೆ ನನ್ನ ಪ್ರಕಾರ ಇದೊಂದೇ ಸರಿಯಾದ ಕಾರಣ.

ಹಳೇ ಜಮೀನು, ಮುಚ್ಚಿದ ಮಿಲ್ಲು, ಕಲ್ಲುಕ್ವಾರಿ, ಹಳೇ ಗ್ಯಾರೇಜುಗಳ ಹಿಂಬದಿ, ಇವು ಸಾಮಾನ್ಯವಾಗಿ ಸಿಗುವ ಜಾಗಗಳು. ಅಗ್ನಿಶಾಮಕ ದಳದಿಂದ ಬಂದ ಗಾಡಿ ಸಿಕ್ಕರೆ ಬಿಡಬೇಡಿ. ನೆರಳಲ್ಲಿ ನಿಂತಿರುತ್ತವೆ, ಕಡಿಮೆ ಓಡಿರುತ್ತವೆ, ಕಾಲಕಾಲಕ್ಕೆ ಸರ್ವಿಸ್ ಆಗಿರುತ್ತವೆ. ಕ್ವಾರಿ ಗಾಡಿ ಮಾತ್ರ ಅನುಮಾನದಿಂದಲೇ ನೋಡಿ, ಹೊರಲಾರದ ಭಾರ ಹೊತ್ತಿರುತ್ತದೆ.

ದಾರಿಯಲ್ಲಿ ಗಿಡದ ಮಧ್ಯೆ ಒಂದು ಗಾಡಿ ಕಂಡಿತು ಅಂದುಕೊಳ್ಳಿ. ಬೇಲಿ ಹಾರಿ ಹೋಗಬೇಡಿ. ಮನೆಯವರನ್ನು ಕೇಳಿ. ಮೊದಲ ಮಾತಿಗೇ "ಮಾರ್ತೀರಾ?" ಅನ್ನಬೇಡಿ. "ಯಾರು ಓಡಿಸ್ತಿದ್ರು?" ಅಂತ ಶುರು ಮಾಡಿ. ಎಷ್ಟೋ ಕಡೆ ಅದು ತೀರಿಹೋದ ಅಪ್ಪನದೋ ಅಜ್ಜನದೋ ಗಾಡಿ. ಅದನ್ನು ಕತ್ತರಿಸಿ ಗುಜರಿಗೆ ಹಾಕುವವನಲ್ಲ ನೀವು ಅಂತ ನಂಬಿಕೆ ಬಂದ ಮೇಲೆ ಬೆಲೆಯ ಮಾತೂ ಸುಲಭವಾಗುತ್ತದೆ. ಇವತ್ತು ಇಲ್ಲ ಅಂದವರೂ ನಂಬರ್ ಬರೆದುಕೊಟ್ಟು ಬಂದರೆ ವರ್ಷ ಬಿಟ್ಟು ಫೋನ್ ಮಾಡುತ್ತಾರೆ.

ಹಂತ 3: ಫೋನಿನಲ್ಲೇ ಅರ್ಧ ಕೆಲಸ ಮುಗಿಸಿ

ಜಾಹೀರಾತಿನ ಫೋಟೋಗಳು ಯಾವಾಗಲೂ ಗಾಡಿಯ ಮುಖದ್ದು. ನಿಮಗೆ ಬೇಕಾದ್ದು ಬೇರೆ. ಕ್ಯಾಬಿನ್ನಿನ ಹಿಂದಿನ ಎರಡು ಕೆಳಮೂಲೆ, ಮ್ಯಾಟ್ ಎತ್ತಿದ ಫ್ಲೋರ್, ಹಿಂದಿನ ಸ್ಪ್ರಿಂಗ್ ಪಟ್ಟಿ ಚಾಸಿಗೆ ಸೇರುವ ಜಾಗ, ಎಂಜಿನ್ನಿನ ಎರಡೂ ಬದಿ, ಒರೆಸದ ಡಿಪ್‌ಸ್ಟಿಕ್, ನಂಬರ್ ಪ್ಲೇಟ್ ಅಲ್ಲ, ಚಾಸಿ ನಂಬರಿನ ತಗಡು. ಇವಿಷ್ಟನ್ನು ಕೇಳಿ. ಕಳಿಸೋಕೆ ಬೇಜಾರು ಮಾಡಿಕೊಳ್ಳುವವರ ಬಳಿ ಹೋಗುವ ಮುಂಚೆ ಎರಡು ಸಲ ಯೋಚನೆ ಮಾಡಿ. ವಯಸ್ಸಾದವರಿಗೆ ಫೋಟೋ ಕಳಿಸೋಕೆ ಬರದೇ ಇರಬಹುದು, ಅದು ಬೇರೆ ವಿಷಯ. ಅವರ ಮಗನೋ ಮೊಮ್ಮಗಳೋ ಇದ್ದರೆ ಕೇಳಿ.

ಮಾತಿನಲ್ಲಿ ಒಂದೇ ಪ್ರಶ್ನೆಯನ್ನು ಹಿಡಿದು ಕೂರಿ.

"ನಿಲ್ಲಿಸಿದಾಗ ಹೇಗಿತ್ತು?"
"ಚೆನ್ನಾಗೇ ಓಡ್ತಿತ್ತು."
"ಹಾಗಾದ್ರೆ ಯಾಕೆ ನಿಲ್ಲಿಸಿದ್ರಿ?"

ಇಲ್ಲಿ ಬರುವ ಉತ್ತರದಲ್ಲೇ ಗಾಡಿಯ ಚರಿತ್ರೆ ಇರುತ್ತದೆ. "ಅಪ್ಪ ಹೋದ್ರು, ಆಮೇಲೆ ಯಾರೂ ಮುಟ್ಟಲಿಲ್ಲ" ಅಂದರೆ ಒಳ್ಳೇ ಸುದ್ದಿ. "ಸ್ವಲ್ಪ ಹೀಟ್ ಆಗ್ತಿತ್ತು" ಅಂದರೆ ಹೆಡ್ಡೋ ಬ್ಲಾಕೋ ಬಿರುಕು ಬಿಟ್ಟಿರಬಹುದು. "ಕಾರ್ಬ್ಯುರೇಟರ್ ಕ್ಲೀನ್ ಮಾಡಿದ್ರೆ ಸಾಕು, ಸ್ಟಾರ್ಟ್ ಆಗುತ್ತೆ" ಅನ್ನುವವರು ಎಲ್ಲ ಕಡೆ ಸಿಗುತ್ತಾರೆ. ಅಷ್ಟೇ ಕೆಲಸ ಆಗಿದ್ದರೆ ಅವರೇ ಮಾಡಿಸಿ ಜಾಸ್ತಿ ಬೆಲೆಗೆ ಮಾರುತ್ತಿದ್ದರು, ಅಲ್ವಾ?

ಚಕ್ರ ತಿರುಗುತ್ತದೆಯೇ, ಗಾಳಿ ನಿಲ್ಲುತ್ತದೆಯೇ, ಸ್ಟೇರಿಂಗ್ ಆಡುತ್ತದೆಯೇ, ಗಾಡಿ ನಿಂತ ಜಾಗಕ್ಕೆ ಟ್ರೇಲರ್ ಹೋಗುತ್ತದೆಯೇ ಅಂತಲೂ ಕೇಳಿ. ಕೊನೆಯದು ಸಣ್ಣ ಪ್ರಶ್ನೆಯಲ್ಲ. ಗಾಡಿ ನಿಂತ ಮೇಲೆ ಅದರ ಮುಂದೆ ಗೋಡೆ ಕಟ್ಟಿದವರಿದ್ದಾರೆ, ಬಂಪರಿನ ನಡುವೆ ಮರ ಬೆಳೆದಿರುತ್ತದೆ.

ದಾಖಲೆ ಯಾರ ಹೆಸರಿನಲ್ಲಿದೆ ಅಂತ ಈಗಲೇ ಕೇಳಬೇಕು. ಚಾಸಿ ನಂಬರ್ ತರಿಸಿಕೊಂಡು ನಿಮ್ಮ ಕಡೆಯ ನೋಂದಣಿ ಕಚೇರಿಯಲ್ಲಿ ಕಳವು, ಸಾಲ, ಬಾಕಿ ತೆರಿಗೆ ಇದೆಯೇ ನೋಡಿಸಿ. ಹಳೇ ಗಾಡಿಯನ್ನು ಮತ್ತೆ ನೋಂದಾಯಿಸೋಕೆ ಆಗುತ್ತದೋ ಇಲ್ಲವೋ ಅನ್ನುವುದನ್ನೂ ಅಲ್ಲೇ ಕೇಳಿ. ಇದು ದೇಶದಿಂದ ದೇಶಕ್ಕೆ, ಕೆಲವೊಮ್ಮೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಅಮೆರಿಕದಲ್ಲಿ ಕಡ್ಡಾಯವಾದದ್ದು 1981ರ ಮಾದರಿಗಳಿಂದ. ಅದಕ್ಕೂ ಹಿಂದಿನ ಗಾಡಿಗಳಲ್ಲಿ ನಂಬರ್ ಚಿಕ್ಕದಿರುತ್ತದೆ, ಕಂಪನಿಗೊಂದು ಕ್ರಮ. ಆದ್ದರಿಂದ ಚಿಕ್ಕ ನಂಬರ್ ನೋಡಿ ಗಾಬರಿಯಾಗಬೇಡಿ. 17ರದ್ದಾದರೆ ಅದರಲ್ಲಿ ಐ, ಒ, ಕ್ಯೂ ಅಕ್ಷರಗಳು ಇರುವುದೇ ಇಲ್ಲ. ಕಂಡರೆ ಓದಿದ್ದು ತಪ್ಪು ಅಥವಾ ನಂಬರೇ ಸುಳ್ಳು.

ಹಂತ 4: ಪ್ರಯಾಣ ಹೊಂದಿಸಿಕೊಳ್ಳುವುದು

ಇಲ್ಲಿ ಜನ ಎರಡು ಪಂಗಡ. ಟ್ರೇಲರ್ ಸಮೇತ ಹೋಗಿ ಒಂದೇ ಸಲಕ್ಕೆ ತರಬೇಕು ಅನ್ನುವವರು ಒಂದು. ಮೊದಲು ಸುಮ್ನೆ ನೋಡಿ ಬರಬೇಕು, ಆಮೇಲೆ ತರಬೇಕು ಅನ್ನುವವರು ಇನ್ನೊಂದು. ನಾನು ಎರಡನೇ ಪಂಗಡ. ಹಿಂದೆ ಖಾಲಿ ಟ್ರೇಲರ್ ಕಟ್ಟಿಕೊಂಡು ಗಾಡಿ ಮುಂದೆ ನಿಂತವನಿಗೆ ಚೌಕಾಸಿ ಮಾಡೋಕೆ ಬಾಯೇ ಬರುವುದಿಲ್ಲ. ಮಾರುವವರಿಗೂ ಅದು ಕಾಣುತ್ತದೆ.

ಎರಡು ಸಲ ಹೋಗೋಕೆ ತೀರಾ ದೂರ ಅನಿಸಿದರೆ ಆ ಊರಿನ ಹತ್ತಿರದ ಒಬ್ಬ ಮೆಕ್ಯಾನಿಕ್‌ಗೋ ಹಳೇ ಗಾಡಿ ಆಸಕ್ತರಿಗೋ ಹಣ ಕೊಟ್ಟು ಮೊದಲು ನೋಡಿಸಿ. ಅವರು ಗಾಡಿ ಪರವಾಗಿಲ್ಲ ಅಂದ ಮೇಲೆ ನೀವು ಬಸ್ಸಿನಲ್ಲೋ ರೈಲಿನಲ್ಲೋ ಹೋಗಿ ನೋಡಿ, ಕೊಂಡರೆ ಸಾಗಣೆಯವರಿಂದ ತರಿಸಿ. ಟ್ರೇಲರ್ ಒಯ್ಯಲೇಬೇಕು ಅಂದರೆ ಅದೇ ದಾರಿಯಲ್ಲಿ ಇನ್ನೂ ಒಂದೆರಡು ಗಾಡಿ ಗೊತ್ತು ಮಾಡಿಕೊಳ್ಳಿ. ಮೊದಲನೆಯದು ಬೇಡ ಅನ್ನೋಕೆ ಎರಡನೆಯದು ಧೈರ್ಯ ಕೊಡುತ್ತದೆ.

ಬೆಳಿಗ್ಗೆ ತಲುಪುವ ಹಾಗೆ ಹೊರಡಿ. ಮುಸ್ಸಂಜೆಯ ಬೆಳಕಿನಲ್ಲಿ, ಮಳೆ ನೀರಿನಲ್ಲಿ ನೆಂದ ಬಣ್ಣದ ಮೇಲೆ ಯಾವ ತಪ್ಪೂ ಕಾಣುವುದಿಲ್ಲ. ಮಾರುವವರಿಗೆ ಮೊದಲೇ ಹೇಳಿ: ಗಾಡಿ ತೊಳೆಯಬೇಡಿ, ಎಂಜಿನ್ ಸ್ಟಾರ್ಟ್ ಮಾಡಿ ಇಟ್ಟಿರಬೇಡಿ. ಗಾಡಿಗಳ ಹುಚ್ಚಿಲ್ಲದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಇದಕ್ಕಿಂತ ಒಳ್ಳೇ ಸಲಹೆ ನನ್ನ ಬಳಿ ಇಲ್ಲ.

ಚೀಲದಲ್ಲಿ ಇರಬೇಕಾದ್ದು: ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಟಾರ್ಚ್, ಹಿಡಿ ಇರುವ ಪುಟ್ಟ ಕನ್ನಡಿ, ಮೊಂಡು ಸ್ಕ್ರೂಡ್ರೈವರ್, ಅಳತೆ ಟೇಪು, ಸೀಮೆಸುಣ್ಣ, ತೂಗುಗುಂಡು, ಪ್ಲಗ್ ಸ್ಪ್ಯಾನರ್, ದೊಡ್ಡ ಸಾಕೆಟ್ ಮತ್ತು ಉದ್ದ ಹಿಡಿ, ಕಂಪ್ರೆಷನ್ ಗೇಜ್, ತುಕ್ಕು ಬಿಡಿಸುವ ಎಣ್ಣೆ, ಗ್ಲೌಸು, ಮಾಸ್ಕು. ಜ್ಯಾಕ್ ಒಯ್ದರೆ ಸ್ಟ್ಯಾಂಡನ್ನೂ ಒಯ್ಯಿರಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಎಷ್ಟಕ್ಕಿಂತ ಮೇಲೆ ಕೊಳ್ಳುವುದಿಲ್ಲ ಅನ್ನುವ ಮೊತ್ತವನ್ನು ಕಾಗದದ ಮೇಲೆ ಬರೆದು ಜೊತೆಗೆ ಬರುವವರ ಕೈಗೆ ಕೊಡಿ.

ಹಂತ 5: ಗಾಡಿ ಮುಂದೆ ನಿಂತಾಗ

ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನೀವು ಕೊನೆಗೆ ಎತ್ತಿ. ಮೊದಲು ನಂಬರ್, ಆಮೇಲೆ ಚಾಸಿ, ಆಮೇಲೆ ಕ್ಯಾಬಿನ್, ಎಂಜಿನ್ ಎಲ್ಲಕ್ಕಿಂತ ಕೊನೆಗೆ. ಯಾಕಂದರೆ ನಂಬರ್ ಹೊಂದದಿದ್ದರೆ ಉಳಿದದ್ದು ನೋಡುವ ಅಗತ್ಯವೇ ಇಲ್ಲ.

ಬಾಗಿಲ ಕಂಬಕ್ಕೆ ಹೊಡೆದ ತಗಡಿನ ನಂಬರ್, ಚಾಸಿಯ ಮೇಲೆ ಕೊರೆದ ನಂಬರ್ ಇದ್ದರೆ ಅದು, ಕಾಗದದ ನಂಬರ್, ಮೂರನ್ನೂ ಒಂದೊಂದೇ ಅಕ್ಷರ ಓದಿ ಹೊಂದಿಸಿ. ತಗಡಿನ ರಿವೆಟ್ ಹೊಸದಾಗಿ ಹೊಳೆಯುತ್ತಿದೆಯೇ? ಚಾಸಿ ನಂಬರಿನ ಸುತ್ತ ಗ್ರೈಂಡರ್ ಗೆರೆ ಇದೆಯೇ? ಇದ್ದರೆ ನಮಸ್ಕಾರ ಹೇಳಿ ಹೊರಡಿ.

ಚಾಸಿಯನ್ನು ಹಿಂದಿನಿಂದ ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡಿ. ಬಾಗಿದ್ದರೆ, ತಿರುಚಿದ್ದರೆ ಕಾಣುತ್ತದೆ. ಅನುಮಾನ ಬಂದರೆ ಮುಂದಿನ ಮತ್ತು ಹಿಂದಿನ ಸ್ಪ್ರಿಂಗ್ ಬ್ರಾಕೆಟಿನ ರಿವೆಟ್ಟುಗಳಿಂದ ತೂಗುಗುಂಡು ಇಳಿಸಿ, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ. ನಾಲ್ಕು ಗುರುತುಗಳ ಕರ್ಣಗಳನ್ನು ಅಳೆದರೆ ಎರಡೂ ಹತ್ತಿರ ಹತ್ತಿರ ಸಮ ಇರಬೇಕು. ಸ್ಟೇರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ, ಅಡ್ಡಪಟ್ಟಿಗಳು ಸೇರುವ ಕಡೆ ಬಿರುಕು ಹುಡುಕಿ. ದೊಡ್ಡ ಲಾರಿಯಲ್ಲಿ ಚಾಸಿಗೆ ಇನ್ನೊಂದು ಪಟ್ಟಿ ಸೇರಿಸಿ ಡಬಲ್ ಮಾಡಿದ್ದರೆ ಎರಡರ ನಡುವೆ ತುಕ್ಕು ಬೆಳೆದು ಪಟ್ಟಿಗಳನ್ನೇ ಹೊರಗೆ ದೂಡಿರುತ್ತದೆ. ಅದನ್ನು ಬಿಚ್ಚದೆ ಸರಿಮಾಡೋಕಾಗದು. ಮತ್ತೆ, ಹಳೇ ಗಾಡಿಯ ಅಡಿಗೆ ಹೊಚ್ಚ ಹೊಸ ಕಪ್ಪು ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳಿ.

ಈಗ ಕ್ಯಾಬಿನ್. ಜೇಬು ಖಾಲಿಯಾಗುವುದು ಇಲ್ಲೇ, ಆದ್ದರಿಂದ ಇಲ್ಲಿ ನಿಧಾನ ಮಾಡಿ. ಕ್ಯಾಬಿನ್ನಿನ ಹಿಂದಿನ ಕೆಳಮೂಲೆ ಎರಡು ತಗಡಿನ ಒಂದು ಚೀಲ ಇದ್ದ ಹಾಗೆ. ಗಾಜಿನ ರಬ್ಬರಿನ ಸಂದಿಯಿಂದ ಇಳಿದ ನೀರು, ಚಕ್ರ ಎರಚಿದ ಕೆಸರು ಅದರೊಳಗೆ ಹೋಗಿ ಕೂರುತ್ತದೆ. ಕೆಸರು ಒಣಗುವುದಿಲ್ಲ. ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಹೊರಗೆ ಬಣ್ಣದಲ್ಲಿ ನಾಣ್ಯದಷ್ಟು ಗುಳ್ಳೆ ಕಂಡರೆ ಒಳಗೆ ಅಂಗೈಯಷ್ಟು ಹೋಗಿದೆ ಅಂತಲೇ ಇಟ್ಟುಕೊಳ್ಳಿ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲ ಮಧ್ಯದಲ್ಲಿ ಮೊದಲು ಇಟ್ಟು, ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅಂತ ಕೈಗೆ ಅಭ್ಯಾಸ ಮಾಡಿಕೊಳ್ಳಿ. ಆಮೇಲೆ ಹಾಗೇ ಮೂಲೆಯ ಕಡೆ ಜಾರಿಸುತ್ತಾ ಬನ್ನಿ. ಹಿಡಿತ ಸಡಿಲವಾದ ಕಡೆ ಅಡಿಯಲ್ಲಿ ಪುಟ್ಟಿ ಇದೆ. ಪೂರ್ತಿ ಬಿದ್ದುಹೋದರೆ ಅಲ್ಲಿ ತಗಡೇ ಇಲ್ಲ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ತಗಡು ಟಣ್ ಅನ್ನುತ್ತದೆ, ಪುಟ್ಟಿ ದಬ್ ಅನ್ನುತ್ತದೆ.

ಬಾಗಿಲು ಅರ್ಧ ತೆರೆದು, ಹಿಂದಿನ ಅಂಚು ಹಿಡಿದು ಮೇಲಕ್ಕೆ ಎತ್ತಿ. ಆಡಿದರೆ ಹಿಂಜಿನ ಪಿನ್ ಸವೆದಿದೆ, ಅದು ಸಣ್ಣ ಕೆಲಸ. ಹಿಂಜಿನ ಜೊತೆ ಕಂಬವೇ ಆಡಿದರೆ ಕಂಬ ಕೊಳೆತಿದೆ, ಅದು ಸಣ್ಣದಲ್ಲ. ಬಾಗಿಲು ಮುಚ್ಚಿ ಸುತ್ತಲಿನ ಸಂದಿ ನೋಡಿ. ಮೇಲೆ ಅಗಲ, ಕೆಳಗೆ ಕಿರಿದು ಅಂತ ಇದ್ದರೆ ಕ್ಯಾಬಿನ್ ಚಾಸಿಯ ಮೇಲೆ ಕೂರುವ ಕಡೆ ಕುಸಿದಿರಬಹುದು. ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್ ಹಿಡಿಯಿಂದ ಫ್ಲೋರ್ ತಟ್ಟುತ್ತಾ ಹೋಗಿ. ಒಪ್ಪಿಗೆ ಕೇಳಿ, ಗಾಜಿನ ಮುಂದಿರುವ ಗಾಳಿಕಿಂಡಿಗೆ ಒಂದು ಬಾಟಲಿ ನೀರು ಸುರಿಯಿರಿ. ಅದು ಹೊರಗೆ ಹೋಗಬೇಕು. ಪೆಡಲುಗಳ ಮೇಲೆ ತೊಟ್ಟಿಕ್ಕಿದರೆ ಆ ಭಾಗ ಹೋಗಿದೆ, ಬಿಚ್ಚಿ ವೆಲ್ಡ್ ಮಾಡೋಕೆ ಅತಿ ಕಷ್ಟದ ಜಾಗ ಅದು.

ಸೀಟು, ವೈರಿಂಗ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎಲ್ಲ ಹೊಸದು ಅಂತಲೇ ಲೆಕ್ಕ ಹಾಕಿ. ಸೀಟಿನ ಹಿಂದೆ ಮಾತ್ರ ಇಣುಕಿ ನೋಡಿ. 1970ರ ದಶಕದ ಆರಂಭದವರೆಗೂ ಹಲವು ಪಿಕಪ್‌ಗಳ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ ಸೀಟಿನ ಬೆನ್ನಿಗೇ ಇರುತ್ತಿತ್ತು. ಹಳೇ ಪೆಟ್ರೋಲಿನ ಹುಳಿ ವಾಸನೆ ಅಲ್ಲಿಂದಲೇ ಬರುವುದು. ಒಣಗಿದ ಇಲಿ ಹಿಕ್ಕೆ ಕಂಡರೆ ಗುಡಿಸಬೇಡಿ, ಅದರ ಧೂಳಿನಿಂದ ರೋಗ ಬರಬಹುದು. ಮಾಸ್ಕ್ ಹಾಕಿ, ಒದ್ದೆ ಮಾಡಿ ತೆಗೆಯಿರಿ. ಗ್ಲೌಸಿಲ್ಲದೆ ಸೀಟಿನ ಕೆಳಗೆ ಕೈ ಹಾಕಬೇಡಿ, ಹಾವು, ಕಣಜಗಳಿಗೆ ಇಂಥ ಜಾಗವೇ ಇಷ್ಟ.

ಎಂಜಿನ್ನಿಗೆ ಬನ್ನಿ. ಮ್ಯಾನಿಫೋಲ್ಡ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಚಳಿ ದೇಶದ ಗಾಡಿಯಾದರೆ ಬ್ಲಾಕಿನ ಬದಿಯನ್ನು ಟಾರ್ಚ್ ಹಿಡಿದು ನೋಡಿ. ಬರೀ ನೀರು ತುಂಬಿಸಿ ನಿಲ್ಲಿಸಿದ್ದರೆ ಅದು ಹೆಪ್ಪುಗಟ್ಟಿ ಬ್ಲಾಕ್ ಸೀಳಿರುತ್ತದೆ. 1932ರಿಂದ 1953ರವರೆಗೆ ಬಂದ ಫೋರ್ಡ್ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ನುಗಳು ವಾಲ್ವ್ ಸೀಟಿನ ಬಳಿ ಬಿರುಕು ಬಿಡುವುದಕ್ಕೆ ಹೆಸರುವಾಸಿ. ಹೆಡ್ ಬಿಚ್ಚದೆ ಗೊತ್ತಾಗುವುದಿಲ್ಲ, ಆದ್ದರಿಂದ ಬಿರುಕಿದೆ ಅಂತಲೇ ಬೆಲೆ ಕಟ್ಟಿ. ಶೆವ್ರೊಲೆಯ ಹಳೇ 216 (ಕ್ಯೂಬಿಕ್ ಇಂಚಿನ) ಎಂಜಿನ್ನಿನ ಕನೆಕ್ಟಿಂಗ್ ರಾಡುಗಳಲ್ಲಿ ಎರಕ ಹೊಯ್ದ ಬ್ಯಾಬಿಟ್ (ಒಂದು ಮೆತ್ತನೆಯ ಮಿಶ್ರಲೋಹ) ಬೇರಿಂಗ್ ಇರುತ್ತದೆ. ಅದನ್ನು ಮಾಡುವ ಕೈಗಳು ಈಗ ಕಡಿಮೆ.

ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಸ್ವಲ್ಪ ಎಣ್ಣೆ ಬಿಟ್ಟು, ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಕೈಯಲ್ಲೇ ತಿರುಗಿಸಿ. ತಿರುಗದಿದ್ದರೆ ಬಲ ಹಾಕಬೇಡಿ, ಸೆಲ್ಫ್ ಅಂತೂ ಹೊಡೆಯಲೇಬೇಡಿ. ಜಾಮ್ ಆದ ಎಂಜಿನ್ ನನಗೇನೂ ಭಯದ ವಿಷಯವಲ್ಲ, ಆದರೆ ಬೆಲೆ ಮಾತಾಡುವಾಗ ಎಂಜಿನ್ ಇಲ್ಲದ ಗಾಡಿ ಅಂತ ಮಾತಾಡಬೇಕು. ತಿರುಗಿದರೆ ಕಂಪ್ರೆಷನ್ ನೋಡಿ. ಆ ಕಾಲದ ಪೆಟ್ರೋಲ್ ಎಂಜಿನ್ನುಗಳಲ್ಲಿ ಅಂಕಿ ದೊಡ್ಡದಿರುವುದಕ್ಕಿಂತ ಸಮನಾಗಿರುವುದು ಮುಖ್ಯ. ಅತಿ ಕಡಿಮೆ ಬಂದ ಸಿಲಿಂಡರ್ ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿದ್ದರೆ ಬಿಚ್ಚುವ ಕೆಲಸ ಇದೆ. ಸ್ಟಾರ್ಟ್ ಆದರೆ ಹೊಗೆ ನೋಡಿ: ನೀಲಿ ಅಂದರೆ ಆಯಿಲ್ ಉರಿಯುತ್ತಿದೆ, ನಿಲ್ಲದ ಬಿಳಿ ಹೊಗೆ ಅಂದರೆ ನೀರು, ಕಪ್ಪು ಅಂದರೆ ಪೆಟ್ರೋಲ್ ಜಾಸ್ತಿ. ಕಪ್ಪು ಎಲ್ಲಕ್ಕಿಂತ ಸುಲಭ.

ಬ್ರೇಕ್ ಇಲ್ಲ ಅಂತಲೇ ತಿಳಿಯಿರಿ, ಪೆಡಲ್ ಗಟ್ಟಿ ಇದ್ದರೂ. 1960ರ ದಶಕದ ಕೊನೆಯವರೆಗೆ ಹೆಚ್ಚಿನ ಗಾಡಿಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಸರ್ಕ್ಯೂಟ್. ಒಂದು ಕಡೆ ಪೈಪ್ ಒಡೆದರೆ ನಾಲ್ಕೂ ಹೋಯಿತು. ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಊದಬೇಡಿ, ಹಳೇ ಲೈನಿಂಗ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು.

ಟೈರ್ "ಹೊಸದು" ಅಂದರೆ ಬದಿಯಲ್ಲಿ DOT ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2314 ಅಂದರೆ 2014ರ 23ನೇ ವಾರ. ಮೂರೇ ಅಂಕಿ ಇದ್ದರೆ ಅದು 2000ಕ್ಕೂ ಹಿಂದಿನದು. ಚಕ್ರದ ರಿಮ್ಮಿಗೆ ಬೇರೆ ರಿಂಗ್ ಕೂರಿಸಿದ್ದರೆ ಅದು ಸ್ಪ್ಲಿಟ್ ರಿಮ್. ತುಕ್ಕು ಹಿಡಿದ ಸ್ಪ್ಲಿಟ್ ರಿಮ್ಮಿಗೆ ಗಾಳಿ ತುಂಬುವಾಗ ರಿಂಗ್ ಸಿಡಿದು ಜನ ಸತ್ತಿದ್ದಾರೆ. ಅಂಥದ್ದಕ್ಕೆ ಅಲ್ಲೇ ನಿಂತು ಗಾಳಿ ಹಾಕುವ ಸಾಹಸ ಬೇಡ. ಅದನ್ನು ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ಹಾಕುವವರಿಗೇ ಬಿಡಿ, ಇಲ್ಲವೇ ಬೇರೆ ಚಕ್ರ ತನ್ನಿ.

ಹಂತ 6: ಬೆಲೆ ಮತ್ತು ಕಾಗದ

ನೋಡಿ ಮುಗಿದ ಮೇಲೆ ಸ್ವಲ್ಪ ದೂರ ಹೋಗಿ ಕೂತು ಲೆಕ್ಕ ಹಾಕಿ. ಗಾಡಿಯ ಬೆಲೆ, ತರುವ ಖರ್ಚು, ಕ್ಯಾಬಿನ್ನಿನ ಟಿಂಕರಿಂಗ್, ಬ್ರೇಕ್, ಟೈರ್, ವೈರಿಂಗ್. ಪೆಟ್ರೋಲ್ ಎಂಜಿನ್ನಾದರೆ ಇನ್ನೊಂದು ಬಾಬತ್ತು ಸೇರಿಸಿ. ಸೀಸ ಬೆರೆಸಿದ ಪೆಟ್ರೋಲಿಗೆ ಅಂತ ಮಾಡಿದ ಎಂಜಿನ್ನುಗಳ ವಾಲ್ವ್ ಸೀಟು ಈಗಿನ ಪೆಟ್ರೋಲಿಗೆ ಬೇಗ ಸವೆಯುತ್ತದೆ. ಆ ಪೆಟ್ರೋಲ್ 2021ರ ಹೊತ್ತಿಗೆ ಜಗತ್ತಿನ ಬಂಕುಗಳಿಂದಲೇ ಮಾಯವಾಗಿದೆ. ಹೆಡ್ ಬಿಚ್ಚಿದಾಗ ಗಟ್ಟಿ ಸೀಟು ಹಾಕಿಸುವ ಖರ್ಚು ಅದು.

ಚೌಕಾಸಿ ಮಾಡುವಾಗ ಗಾಡಿಯನ್ನು ಹೀಯಾಳಿಸಬೇಡಿ. ಅಯಸ್ಕಾಂತ ಬಿದ್ದುಹೋದ ಜಾಗವನ್ನು ಮಾರುವವರ ಕೈಯಿಂದಲೇ ಮುಟ್ಟಿಸಿ, ಸುಮ್ಮನಿರಿ. ಅಷ್ಟು ಸಾಕು. ಬೆಲೆ ಇಳಿಯದಿದ್ದರೆ "ಶೆಡ್ಡಿನಲ್ಲಿ ಇದರದ್ದೇ ಏನಾದರೂ ಇದೆಯಾ?" ಅಂತ ಕೇಳಿ. ಒಂದು ಹೆಚ್ಚಿನ ಬಾಗಿಲು, ವ್ಹೀಲ್ ಕಪ್, ಒರಿಜಿನಲ್ ಕೀ, ಎಣ್ಣೆ ಮೆತ್ತಿದ ಮ್ಯಾನ್ಯುಯಲ್, ಹೀಗೆ ಬರುವ ಸಾಮಾನಿಗೆ ಕೆಲವೊಮ್ಮೆ ಬೆಲೆಯ ವ್ಯತ್ಯಾಸಕ್ಕಿಂತ ಜಾಸ್ತಿ ಮೌಲ್ಯ. ಒಂದು ರಾತ್ರಿ ಅಲ್ಲೇ ಉಳಿದು ಬೆಳಿಗ್ಗೆ ಹೇಳುತ್ತೇನೆ ಅನ್ನಲು ಸಾಧ್ಯವಾದರೆ ಹಾಗೇ ಮಾಡಿ. "ಇನ್ನೊಬ್ಬರು ಸಂಜೆ ಬರ್ತಿದಾರೆ" ಅನ್ನುವ ಮಾತಿಗೆ ಓಡಬೇಡಿ. ಬರಲಿ.

ಮಾರುವವರ ಗುರುತಿನ ಚೀಟಿಯ ಹೆಸರು, ಕಾಗದದ ಹೆಸರು ಒಂದೇ ಇರಬೇಕು. ಮಾಲೀಕರು ತೀರಿಹೋಗಿದ್ದರೆ ಎಲ್ಲ ವಾರಸುದಾರರ ಒಪ್ಪಿಗೆ ಬರಹದಲ್ಲಿ ಬೇಕು. ಅಣ್ಣ ಮಾರಿದ ಮೇಲೆ ತಮ್ಮ ಬಂದು ತಕರಾರು ತೆಗೆಯುವುದು ಹೊಸದೇನಲ್ಲ. ಮಾರಾಟ ಪತ್ರದಲ್ಲಿ ಚಾಸಿ ನಂಬರ್, ಎಂಜಿನ್ ನಂಬರ್, ದಿನಾಂಕ, ಮೊತ್ತ, ಇಬ್ಬರ ಸಹಿ ಇರಲಿ. ಕಾಗದವೇ ಇಲ್ಲದ ಗಾಡಿಯನ್ನು ಬಿಡಿಭಾಗದ ಬೆಲೆಗೆ ಮಾತ್ರ ಕೊಳ್ಳಿ. "ಕಾಗದ ಆಮೇಲೆ ಕಳಿಸ್ತೀನಿ" ಅನ್ನುವವರಿಗೆ "ದುಡ್ಡೂ ಆಮೇಲೆ" ಅನ್ನಿ. ಕಣ್ಣಿಂದ ನೋಡದ ಗಾಡಿಗೆ ಮುಂಗಡ ಕಳಿಸುವ ಮಾತೇ ಇಲ್ಲ.

ಹಂತ 7: ಮನೆಗೆ ತರುವುದು

ಓಡಿಸಿಕೊಂಡು ಬರುವ ಆಸೆ ಎಲ್ಲರಿಗೂ ಇರುತ್ತದೆ. ಬೇಡ. ಹಗ್ಗ ಕಟ್ಟಿ ಎಳೆದು ತರುವುದೂ ಬೇಡ, ಬ್ರೇಕಿಲ್ಲದ ಗಾಡಿ ಇಳಿಜಾರಿನಲ್ಲಿ ಮುಂದಿನ ಗಾಡಿಗೇ ಬಂದು ಗುದ್ದುತ್ತದೆ.

ಅರ್ಧ ಟನ್ ದರ್ಜೆಯ ಪಿಕಪ್ ಅಂದರೂ ಅದರ ಸ್ವಂತ ತೂಕ ಒಂದೂವರೆ ಟನ್ ಆಸುಪಾಸು. ಟ್ರೇಲರಿನ ತೂಕವನ್ನೂ ಸೇರಿಸಿ, ನಿಮ್ಮ ಎಳೆಯುವ ಗಾಡಿಗೆ ಅಷ್ಟು ಸಾಮರ್ಥ್ಯ ಇದೆಯೇ ನೋಡಿ. ಟ್ರಕ್ಕನ್ನು ಮುಖ ಮುಂದಾಗಿಯೇ ಹತ್ತಿಸಿ. ಎಂಜಿನ್ ಭಾರ ಹಿಂದಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ, ಒಮ್ಮೆ ಶುರುವಾದರೆ ಹಿಡಿಯುವುದು ಕಷ್ಟ. ಒಟ್ಟು ತೂಕದ 10ರಿಂದ 15 ಶೇಕಡಾ ಕೊಂಡಿಯ ಮೇಲೆ ಬೀಳಬೇಕು. ಟ್ರಕ್ಕನ್ನು ಸ್ವಲ್ಪ ಹಿಂದೆ ಮುಂದೆ ಸರಿಸಿ ಇದನ್ನು ಹೊಂದಿಸಬಹುದು.

ಚಕ್ರ ಕಚ್ಚಿಕೊಂಡಿದ್ದರೆ ಎಳೆದು ಉಜ್ಜಬೇಡಿ. ಮೊದಲು ಹ್ಯಾಂಡ್‌ಬ್ರೇಕ್ ಕೇಬಲ್ ಸಡಿಲಿಸಿ. ಆಮೇಲೆ ಡ್ರಮ್ಮಿನ ಹಿಂದಿನ ಕಿಂಡಿಯಿಂದ ಅಡ್ಜಸ್ಟರ್ ಹಿಂದಕ್ಕೆ ತಿರುಗಿಸಿ, ಡ್ರಮ್ಮಿನ ಅಂಚಿನ ಸುತ್ತ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಒಂದು ಹಂತದಲ್ಲಿ ಟಕ್ ಅಂತ ಲೈನಿಂಗ್ ಬಿಡುತ್ತದೆ. ಬಿಡದಿದ್ದರೆ ಚಕ್ರದ ಅಡಿಗೆ ಉರುಳುವ ಡಾಲಿ ಇಟ್ಟು ವಿಂಚಿನಿಂದ ಎಳೆಯಿರಿ. ವಿಂಚ್ ಎಳೆಯುವಾಗ ಕೇಬಲ್ಲಿನ ಸಾಲಿನಲ್ಲಿ ಯಾರೂ ನಿಲ್ಲಬಾರದು. ಟ್ರಕ್ಕಿನ ಹಿಂದೆ ನಿಂತು ತಳ್ಳೋಕೂ ಹೋಗಬಾರದು.

ನಾಲ್ಕು ಕಡೆ ಪಟ್ಟಿ ಬಿಗಿಯಿರಿ, ಆಕ್ಸಲ್ಲಿಗೆ ಅಥವಾ ಚಾಸಿಗೆ. ಬಂಪರಿಗೆ ಬೇಡ, ಅದರ ಬೋಲ್ಟು ಎಷ್ಟು ಹಳೆಯದೋ ಯಾರಿಗೆ ಗೊತ್ತು. ಪಟ್ಟಿಯ ಮೇಲೆ ಎರಡು ಅಂಕಿ ಇರುತ್ತವೆ. ಹರಿಯುವ ಮಿತಿ ಒಂದು, ಸುರಕ್ಷಿತವಾಗಿ ಹೊರುವ ಮಿತಿ ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಮೂರನೇ ಒಂದು ಭಾಗ. ಲೆಕ್ಕಕ್ಕೆ ಹಿಡಿಯಬೇಕಾದ್ದು ಚಿಕ್ಕ ಅಂಕಿಯನ್ನೇ. ಬಾನೆಟ್ಟನ್ನು ಹಗ್ಗದಿಂದ ಕಟ್ಟಿ, ಹಳೇ ಕೊಂಡಿ ಗಾಳಿಗೆ ಬಿಚ್ಚಿಕೊಂಡರೆ ಬಾನೆಟ್ ಹಾರಿ ಹಿಂದಿನವರ ಮೇಲೆ ಬೀಳುತ್ತದೆ. ಹಿಂಬಾಗಿಲನ್ನೂ ಕಟ್ಟಿ. ಸಡಿಲ ಸಾಮಾನನ್ನೆಲ್ಲ ಕ್ಯಾಬಿನ್ ಒಳಗೆ ಹಾಕಿ. ಬ್ಯಾಟರಿ ಇದ್ದರೆ ವೈರ್ ಬಿಚ್ಚಿ. ಹೊರಟ ಮೇಲೆ ಮೊದಲ ಕೆಲವು ಕಿಲೋಮೀಟರಿಗೇ ನಿಲ್ಲಿಸಿ ಪಟ್ಟಿಗಳನ್ನು ಮತ್ತೆ ಬಿಗಿಯಿರಿ. ಟ್ರಕ್ಕಿನ ಸ್ಪ್ರಿಂಗ್ ಕುಗ್ಗಿ ಅವು ಸಡಿಲವಾಗಿರುತ್ತವೆ. ಪಟ್ಟಿ ಮುಟ್ಟಿದಾಗಲೇ ಟ್ರೇಲರ್ ಚಕ್ರದ ನಡುವಿನ ಹಬ್ಬುಗಳಿಗೂ ಕೈ ಹತ್ತಿರ ಹಿಡಿದು ನೋಡಿ, ಯಾವುದಾದರೂ ಒಂದು ವಿಪರೀತ ಬಿಸಿ ಇದ್ದರೆ ಅದರ ಬೇರಿಂಗ್ ಹೋಗುತ್ತಿದೆ.

ಮನೆಗೆ ಬಂದ ಮೇಲೆ ಸ್ಪ್ಯಾನರ್ ಹಿಡಿಯೋಕೆ ಕೈ ತುರಿಸುತ್ತದೆ. ಸಿಲಿಂಡರಿಗೆ ಎಣ್ಣೆ ಬಿಡಿ, ಎಲ್ಲ ಬದಿಯಿಂದ ಫೋಟೋ ತೆಗೆದಿಟ್ಟುಕೊಳ್ಳಿ, ಅಷ್ಟಕ್ಕೆ ನಿಲ್ಲಿಸಿ. ಹೆಸರು ಬದಲಾವಣೆಯ ಅರ್ಜಿ ಮೊದಲು ಹೋಗಲಿ. ಎಷ್ಟೋ ಕಡೆ ನೋಂದಣಿಗೆ ಮುಂಚೆ ಗಾಡಿಯನ್ನೂ ನಂಬರನ್ನೂ ಕಣ್ಣಾರೆ ನೋಡಬೇಕು ಅನ್ನುತ್ತಾರೆ. ಅವರು ಬಂದಾಗ ಚಾಸಿ ಶೆಡ್ಡಿನಲ್ಲಿ, ಕ್ಯಾಬಿನ್ ಅಂಗಳದಲ್ಲಿ, ನಂಬರಿನ ತಗಡು ಡಬ್ಬದಲ್ಲಿ ಇದ್ದರೆ ಇದೆಲ್ಲ ಒಂದೇ ಗಾಡಿ ಅಂತ ಸಾಬೀತು ಮಾಡೋಕೆ ನಿಮಗೆ ಸಾಕು ಸಾಕಾಗುತ್ತದೆ.